‘ಲಭ್ಯವಿಲ್ಲ’ದ ಕಡತ ಬಾಯಿಬಿಟ್ಟಾಗ

ಫೆಬ್ರುವರಿ ಎರಡನೇ ವಾರ ಬಂತೆಂದರೆ ಮಾಲಾಧಾರಿಗಳ ಸಾಲು ಸೂರಗೊಂಡನಕೊಪ್ಪದ ಹಾದಿ ಹಿಡಿಯುತ್ತದೆ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ನೆಲ ಅದು. ಬಂಜಾರರ ಬಾಯಲ್ಲಿ ಭಾಯಾಗಡ. 15ನೇ ತಾರೀಖಿನ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಬರುತ್ತಾರೆ. ಅಷ್ಟು ಜನಕ್ಕೆ ನೀರು, ನೆರಳು, ದಾರಿ ನೋಡಿಕೊಳ್ಳಬೇಕಲ್ಲ, ಸುತ್ತಲಿನ ಸರ್ಕಾರಿ ನೌಕರರಿಗೆ ಜಾತ್ರೆ ಡ್ಯೂಟಿ ಬೀಳುತ್ತದೆ. ಆಗ ಕಚೇರಿಗಳಲ್ಲಿ ಉಳಿಯುವುದು ಕುರ್ಚಿ, ಫ್ಯಾನು ಮತ್ತು ಕಡತ.

ಅಂಥದೊಂದು ದಿನ ಈ ಸೀಮೆಯ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಈ ಮಾತುಕತೆ ನಡೆಯಿತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಕಡತವೇ ಬೇಡ ಎಂದಿದೆ. ಅದಕ್ಕೆ ವಯಸ್ಸಾಗಿದೆ. ಅಂಚು ಗೆದ್ದಲಿಗೆ ಹೋಗಿದೆ, ಕಟ್ಟಿದ ಬಟ್ಟೆಯ ಬಣ್ಣ ಯಾವುದೆಂದು ಊಹಿಸಬೇಕು. ಆದರೆ ನೆನಪು ಚುರುಕಾಗಿದೆ. ‘ಸದರಿ ಕಡತ ಲಭ್ಯವಿರುವುದಿಲ್ಲ’ ಎಂದು ಅದರ ಬಗ್ಗೆ ಹಿಂಬರಹ ಹೋಗಿ ಬಹಳ ಕಾಲವೇನೂ ಆಗಿಲ್ಲ.

ನಾನು: ಅಜ್ಜಾ, ನೀವು ಸಿಗುವುದಿಲ್ಲ ಅಂತ ಸಹಿ, ಮೊಹರು ಹಾಕಿ ಬರೆದುಕೊಟ್ಟಿದ್ದಾರೆ. ಇಲ್ಲೇ ಕೂತಿದ್ದೀರಲ್ಲ?

ಕಡತ: ನಾನೆಲ್ಲಿಗೆ ಹೋಗಲಿ ತಮ್ಮಾ? ಹುಡುಕೋಕೆ ಯಾರೂ ಈ ಬಾಗಿಲು ತೆಗೆದೇ ಇಲ್ಲ. ಉತ್ತರ ಮೇಜಿನ ಮೇಲೇ ತಯಾರಾಯ್ತು. ಬೀಗದ ಕೈ ಇಟ್ಕೊಂಡವನು ಆವತ್ತು ರಜಾ. ಮರುದಿನ ಬಂದ, ಆದರೆ ಬಾಗಿಲಿಗೆ ಅಡ್ಡ ಹಳೇ ಮಾನಿಟರು, ಮುರಿದ ಬೆಂಚು ಪೇರಿಸಿದ್ರು. ಅದನ್ನೆಲ್ಲ ಸರಿಸೋದಕ್ಕಿಂತ ಒಂದು ಸಾಲು ಟೈಪ್ ಮಾಡೋದು ಸಲೀಸು.

ನಾನು: ನಿಮ್ಮ ಹುಟ್ಟೂರು?

ಕಡತ: ಮೈಸೂರು ರಾಜ್ಯ, ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಬೆನ್ನ ಮೇಲೆ ಈಗಲೂ ಹಂಗೇ ಬರೆದಿದೆ ನೋಡು. 1973ರ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕ ಆಯ್ತು. 1997ರ ಆಗಸ್ಟ್ 15ಕ್ಕೆ ಜೆ.ಎಚ್. ಪಟೇಲರು ದಾವಣಗೆರೆ ಜಿಲ್ಲೆ ಮಾಡಿದ್ರು. ಪಕ್ಕದ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ನಮ್ಮವರೇ, ಬೈಯೋ ಹಂಗಿಲ್ಲ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಬಿಟ್ಟು ಬಂದ್ವು, ಜಗಳೂರು ಚಿತ್ರದುರ್ಗ ಬಿಟ್ಟು ಬಂತು. ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೇ ವಾಪಸ್ ಹೋಯ್ತು, ಈಗ ವಿಜಯನಗರ ಜಿಲ್ಲೆ. ಅದರ ಕಾಗದಗಳ ಪಾಡು ನೆನೆಸ್ಕೊಂಡ್ರೆ ನನಗೆ ನನ್ನ ದುಃಖ ಮರೆಯುತ್ತೆ. ಆಮೇಲೆ 2017ರ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳ ಪಟ್ಟಿ ಬಂತಲ್ಲ, ಅದರಲ್ಲಿ ನ್ಯಾಮತಿ ಇತ್ತು. ನನ್ನೊಳಗಿರೋ ಜಮೀನು ಒಂದಂಗುಲ ಅಲ್ಲಾಡಿಲ್ಲ ತಮ್ಮಾ. ರಾಜ್ಯ, ಜಿಲ್ಲೆ, ತಾಲ್ಲೂಕು ಮೂರೂ ಬದಲಾದ್ವು.

ನಾನು: ಆಗೆಲ್ಲ ನಿಮ್ಮನ್ನೂ ಲಾರಿಗೆ ಹೇರಿ ಸಾಗಿಸಿದರಾ?

ಕಡತ: ಅದನ್ನ ಹೇಳಿದ್ರೆ ನಾನೀಗ ಯಾವ ಕಚೇರೀಲಿದೀನಿ ಅಂತ ಗೊತ್ತಾಗಿಬಿಡುತ್ತೆ. ಮುಂದಿನ ಪ್ರಶ್ನೆ ಕೇಳು.

ನಾನು: ಹೋಗಲಿ, ನಿಮ್ಮ ಹೊಟ್ಟೆಯಲ್ಲಿ ಏನಿದೆ?

ಕಡತ: ಒಂದು ತಾಂಡಾ ಇದೆ. ಜನ ಮನೆ ಕಟ್ಟಿ ಮೊಮ್ಮಕ್ಕಳನ್ನ ಕಂಡ ಜಾಗ. ಪಹಣೀಲಿ ಮಾತ್ರ ಗೋಮಾಳ. ಅಂದ್ರೆ ಕಾಗದದ ಪ್ರಕಾರ ಅಲ್ಲಿ ದನ ಮೇಯ್ತಾ ಇರಬೇಕು, ಜನ ಇರಬಾರದು. ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ 38-ಎ ಅಂತ ಒಂದು ಕಲಮು ಸೇರಿಸಿದ್ರು. ತಾಂಡಾ, ಗೊಲ್ಲರಹಟ್ಟಿಗಳಲ್ಲಿ ಬೇರೆಯವರ ಜಮೀನಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಆ ಮನೆಯಡಿ ಹಕ್ಕು ಕೊಡೋದು, ಜಾಗವನ್ನ ಕಂದಾಯ ಗ್ರಾಮ ಮಾಡೋದು ಅಂತ. 2023ರ ಜನವರೀಲಿ ಕಲಬುರಗಿಯ ಮಳಖೇಡದಲ್ಲಿ ಪ್ರಧಾನಿಯವರೇ ಬಂದು ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಕ್ಕೆ ಹಕ್ಕುಪತ್ರ ಕೊಡಿಸಿದ್ರು. ಅದನ್ನ ಟೀವೀಲಿ ನೋಡಿದ ನಮ್ಮ ತಾಂಡಾದ ಒಬ್ಬ ಹುಡುಗ, ಸುಮ್ನಿರಲಾರದೆ, ‘ನಮ್ಮೂರಿನ ಕಡತ ಎಲ್ಲಿದೆ’ ಅಂತ ಕೇಳಿದ. ಅಲ್ಲಿಂದ ಶುರು ಕಥೆ.

ನಾನು: ಕೇಳಿದರೆ ತಪ್ಪೇನು? 10 ರೂಪಾಯಿಯ ಅರ್ಜಿ.

ಕಡತ: ತಪ್ಪಿಲ್ಲ. ಕಾರಣ ಹೇಳಬೇಕಾಗಿಲ್ಲ ಅಂತ 2005ರ ಮಾಹಿತಿ ಹಕ್ಕು ಕಾಯ್ದೆ 6(2)ರಲ್ಲಿ ಬರೆದಿದೆ. ಆದ್ರೆ ನಮ್ಮಂಥ ಊರಲ್ಲಿ ಅರ್ಜಿ ಟಪಾಲಿಗೆ ಬಿದ್ದು ಮೊಹರು ಒಣಗೋದ್ರೊಳಗೆ ಸುದ್ದಿ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿರುತ್ತೆ. ಹುಡುಗ ಮನೆ ಮುಟ್ಟೋಕೆ ಮುಂಚೆ ಅವರಪ್ಪನಿಗೆ ಫೋನು: ‘ಏನಪ್ಪಾ, ನಿನ್ನ ಮಗ ಆರ್‌ಟಿಐ ಹಾಕ್ಯಾನಂತೆ? ಒಂದು ಮಾತು ಕೇಳಿದ್ರೆ ನಾವೇ ಕೊಡ್ತಿರಲಿಲ್ವಾ?’ ಆ ಒಂದು ಮಾತನ್ನ ಅವರಪ್ಪ ಕೇಳ್ತಾ ಕೇಳ್ತಾ ಮುದುಕ ಆಗ್ಯಾನೆ, ಅದು ಬೇರೆ ವಿಷಯ. ಬೆಂಗಳೂರಲ್ಲಿ ಅರ್ಜಿದಾರ ಒಂದು ಕ್ರಮಸಂಖ್ಯೆ. ಇಲ್ಲಿ ಅವನು ಯಾರ ಮಗ, ಯಾವ ತಾಂಡಾ, ಯಾರ ಕಡೆ ವೋಟು, ತಂಗಿಯನ್ನ ಯಾವೂರಿಗೆ ಕೊಟ್ಟಾರೆ, ಅಷ್ಟೂ ಗೊತ್ತು. ಕಡತದ ಬಗ್ಗೆ ಏನೂ ಗೊತ್ತಿಲ್ಲದ ಕಚೇರಿಗೆ ಕೇಳಿದವನ ಬಗ್ಗೆ ಎಲ್ಲಾ ಗೊತ್ತು.

(ಇಲ್ಲಿ ಕಡತ ಕೆಮ್ಮಿತು. ಧೂಳು ನನ್ನ ಮೇಲೆ ಬಿತ್ತು. ಈ ಮಾತಿಗೆ ನಾನೇನೂ ಸೇರಿಸಬೇಕಾಗಿಲ್ಲ. ಸಣ್ಣ ಊರಲ್ಲಿ ಬಾಳಿದವರಿಗೆ ಕಾಯ್ದೆಯ ಕಲಮುಗಳಿಗಿಂತ ಆ ಫೋನು ಚೆನ್ನಾಗಿ ಗೊತ್ತು.)

ನಾನು: ಹುಡುಗನಿಗೆ ಬಂದ ಉತ್ತರ?

ಕಡತ: ಒಂದಾ ಎರಡಾ! ಮೊದಲನೇದು, ‘ಕೋರಿರುವ ಮಾಹಿತಿ ಸ್ಪಷ್ಟವಾಗಿಲ್ಲ’. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಪಾಪ, ಮೇಷ್ಟ್ರ ಹತ್ರ ಪದ ಎಣಿಸಿಕೊಂಡು ಬಂದಿದ್ದ. 150 ಪದದಲ್ಲಿ ಒಂದು ತಾಂಡಾದ ಚರಿತ್ರೆ ಹೇಳೋಕೆ ಹೋದ್ರೆ ಅಸ್ಪಷ್ಟ ಆಗದೆ ಏನಾಗುತ್ತೆ? ಎರಡನೇದು, ‘ಈ ಕಚೇರಿಗೆ ಸಂಬಂಧಿಸಿರುವುದಿಲ್ಲ’. ಹೊಸ ತಾಲ್ಲೂಕು ಅಂದ್ರೆ ಹಳೇ ತಾಲ್ಲೂಕು ಅಂತಾರೆ, ಹಳೇ ತಾಲ್ಲೂಕು ಅಂದ್ರೆ ಹಳೇ ಜಿಲ್ಲೆ ಅಂತಾರೆ, ಹಳೇ ಜಿಲ್ಲೆಯವರು ‘ಎಲ್ಲಾ ಕಳಿಸಿಕೊಟ್ಟೀವಲ್ಲ’ ಅಂತಾರೆ. ತಮಗೆ ಸೇರದ ಅರ್ಜಿಯನ್ನ 5 ದಿನದೊಳಗೆ ಸೇರಬೇಕಾದ ಕಡೆ ತಾವೇ ಕಳಿಸಿ, ಅರ್ಜಿದಾರನಿಗೆ ತಿಳಿಸಬೇಕು ಅಂತ 6(3) ಹೇಳುತ್ತೆ. ನಡೀಬೇಕಾದ್ದು ಅರ್ಜಿ. ನಡೆದಿದ್ದು ಹುಡುಗ.

ನಾನು: ಮೂರನೆಯದು?

ಕಡತ: ನಾನೇ. ‘ಲಭ್ಯವಿಲ್ಲ’. ಕಾಯ್ದೆಯ 8ನೇ ಕಲಮಿನಲ್ಲಿ ಕೊಡಬಾರದ ಮಾಹಿತಿ ಯಾವ್ಯಾವುದು ಅಂತ ಪಟ್ಟಿ ಇದೆ. ದೇಶದ ಭದ್ರತೆ ಇದೆ, ವ್ಯಾಪಾರದ ಗುಟ್ಟು ಇದೆ, ಹಿಂಗೆ ಹತ್ತು ಇದಾವೆ. ಕಳೆದುಹೋದ ಕಡತ ಅಂತ ಅದರಲ್ಲಿಲ್ಲ. 2013ರಲ್ಲಿ ದೆಹಲಿ ಹೈಕೋರ್ಟ್ ಒಂದು ತೀರ್ಪಿನಲ್ಲಿ ಇದನ್ನೇ ಬಿಡಿಸಿ ಹೇಳ್ತು: ಕಡತ ಸಿಗಲಿಲ್ಲ ಅಂತ ಕೈತೊಳಕೊಳ್ಳೋ ಹಂಗಿಲ್ಲ, ಸರಿಯಾಗಿ ಹುಡುಕಬೇಕು, ಸಿಗದಿದ್ರೆ ಯಾರು ಹೊಣೆ ಅಂತ ವಿಚಾರಣೆ ಮಾಡಬೇಕು ಅಂತ. ಆ ತೀರ್ಪಿನ ಪ್ರತಿ ಈ ರೂಮಿಗೆ ಬಂದಿಲ್ಲ. ಬಂದಿದ್ರೂ ಅದೂ ಲಭ್ಯ ಇರ್ತಿರಲಿಲ್ಲ.

ನಾನು: ದಂಡಕ್ಕೂ ಹೆದರುವುದಿಲ್ಲವೇ?

ಕಡತ: ದಿನಕ್ಕೆ 250, ಮೇಲ್ಮಿತಿ 25,000. ಲೆಕ್ಕ ಹಾಕು, ನೂರು ದಿನಕ್ಕೆ ದಂಡವೇ ಸುಸ್ತಾಗಿ ಕೂತ್ಕೊಳ್ಳುತ್ತೆ. ಅದಕ್ಕೆ ಮುಂಚೆ ಹುಡುಗ 30 ದಿನ ಕಾಯಬೇಕು, ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲನೇ ಮೇಲ್ಮನವಿ ಹಾಕಬೇಕು, ಅದಕ್ಕೆ 30ರಿಂದ 45 ದಿನ, ಆಮೇಲೆ ಬೆಂಗಳೂರಿನ ಮಾಹಿತಿ ಆಯೋಗ. ಕೆಳಗಿನವರಿಗೆಲ್ಲ ಗಡುವು ಹಾಕಿದ ಕಾಯ್ದೆ ಎರಡನೇ ಮೇಲ್ಮನವಿ ಇಷ್ಟು ದಿನದಲ್ಲಿ ತೀರಬೇಕು ಅಂತ ಆಯೋಗಕ್ಕೆ ಹೇಳೋದನ್ನ ಮರೆತಿದೆ.

ನಾನು: ಆದರೆ ಕೇಳುವವರಲ್ಲೂ ಕಿಡಿಗೇಡಿಗಳಿದ್ದಾರೆ. ಅರ್ಜಿ ಹಾಕಿ, ಚೌಕಾಶಿ ಮಾಡಿ, ವಾಪಸ್ ತೆಗೆದುಕೊಳ್ಳುವವರು.

ಕಡತ: ಇಲ್ಲ ಅಂದ್ರೆ ಸುಳ್ಳಾಗುತ್ತೆ. ವಿಸಿಟಿಂಗ್ ಕಾರ್ಡಲ್ಲಿ ‘ಆರ್‌ಟಿಐ ಕಾರ್ಯಕರ್ತ’ ಅಂತ ಹಾಕ್ಕೊಂಡು ಬರ್ತಾರೆ. ಅವರಿಗೆ ಕುರ್ಚಿ, ಚಾ ಎರಡೂ ಸಿಗುತ್ತೆ. ಅವರು ನನ್ನನ್ನ ನೋಡೋಕೆ ಬರಲ್ಲ, ನನ್ನ ಹೆಸರು ಹೇಳಿ ಹೆದರಿಸೋಕೆ ಬರ್ತಾರೆ. ವಿಚಿತ್ರ ಏನು ಗೊತ್ತಾ? ಅವರು ಹಿಂದಿನ ದಿನ ಫೋನ್ ಮಾಡಿದ್ರೆ ಸಾಕು, ಮರುದಿನ ನಾನು ಮೇಜಿನ ಮೇಲೆ ಲಭ್ಯ!

ನಾನು: ನಿಮ್ಮ ಮನೆತನದ ಬಗ್ಗೆ ಒಂದೆರಡು ಮಾತು?

ಕಡತ: ದೊಡ್ಡ ಮನೆತನ. ನಮ್ಮ ಹಿರೀಕರು ಬಟ್ಟೆಯವರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು, ಮಡಿಚಿ, ಬಳಪದಲ್ಲಿ ಬರೀತಿದ್ರು. ಶೃಂಗೇರಿ ಮಠದಲ್ಲಿ ಇನ್ನೂ ಇದಾವೆ. ನಾವು ಕಾಗದದವರಾದ ಮೇಲೆ ಜಾತಿ ಬಂತು. ‘ಎ’ ವರ್ಗದವರು ಶಾಶ್ವತ, ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ ಒಂದೇ ವರ್ಷ. ನಾನು ‘ಎ’. ಆದ್ರೆ ಈ ರೂಮಿನ ಇಲಿಗೆ ಇಂಗ್ಲಿಷ್ ಅಕ್ಷರ ಬರಲ್ಲ.

ನಾನು: ಬಂಜಾರರು ಮಾತ್ರ ಕಾಗದವನ್ನೇ ನಂಬಲಿಲ್ಲ, ಅಲ್ಲವೇ?

ಕಡತ: ಅವರಿಗೆ ನಮ್ಮ ಹಂಗಿರಲಿಲ್ಲ. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರ್ಕೊಂಡು ದೇಶ ತಿರುಗೋರು ಕಪಾಟು ಎಲ್ಲಿಂದ ಹೊರ್ತಾರೆ? ಮನೆತನ, ಗೋತ್ರ, ಹಿರಿಯರ ಹೆಸರು ಎಲ್ಲಾ ಢಾಡಿಗಳು, ಭಾಟರು ಬಾಯಲ್ಲೇ ಇಟ್ಕೊಂಡು ಹಾಡಿ ಹೇಳ್ತಿದ್ರು. ಜಗಳ ಬಂದ್ರೆ ನಾಯಕ, ಕಾರಭಾರಿ ಕೂತು ಬಗೆಹರಿಸೋರು. ಕೇಳಿದವನಿಗೆ ಢಾಡಿ ‘ನೀನ್ಯಾಕೆ ಕೇಳ್ತೀ’ ಅನ್ನಲಿಲ್ಲ, ‘ನಾಳೆ ಬಾ’ ಅನ್ನಲಿಲ್ಲ. ನೆಲೆ ನಿಂತ ಮೇಲೆ ನೆಲಕ್ಕೆ ಕಾಗದ ಬೇಕಾಯ್ತು. ನಮ್ಮ ಕೈಗೆ ಸಿಕ್ಕಿಬಿದ್ರು.

ಇನ್ನೊಂದು ಹೇಳ್ತೀನಿ ಕೇಳು. ಸರ್ಕಾರದ ಕಾಗದ ನೋಡೋದು ಜನರ ಹಕ್ಕು ಅಂತ ಸ್ವೀಡನ್ನಿನವರು ಕಾನೂನು ಮಾಡಿದ್ದು 1766ರಲ್ಲಿ. ಆಗ ಸೇವಾಲಾಲರಿಗೆ 27 ವರ್ಷ. ನಮ್ಮ ರಾಜ್ಯ ದೆಹಲಿಗಿಂತ ಮುಂಚೆ, 2000ದಲ್ಲೇ ಸ್ವಂತ ಮಾಹಿತಿ ಹಕ್ಕು ಕಾಯ್ದೆ ಮಾಡ್ತು. ಕಾಯ್ದೆ ಮಾಡೋದ್ರಲ್ಲಿ ನಾವು ಯಾವತ್ತೂ ಹಿಂದಿಲ್ಲ.

ನಾನು: ಈಗ ಎಲ್ಲ ಕಂಪ್ಯೂಟರಿಗೆ ಹೋಗಿದೆಯಲ್ಲ?

ಕಡತ: ‘ಭೂಮಿ’ ಬಂದಾಗ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿದ್ವು. 15 ರೂಪಾಯಿಗೆ ಪಹಣಿ ಕೈಗೆ ಬರೋ ಹಂಗಾಯ್ತು. ಒಳ್ಳೇ ಕೆಲಸ, ಹೊಟ್ಟೆಕಿಚ್ಚಿಲ್ಲ. ಆದ್ರೆ ಪಹಣಿ ಅನ್ನೋದು ತೀರ್ಪು ಮಾತ್ರ. ಯಾಕೆ ಹಂಗೆ ಬರೆದ್ರು ಅನ್ನೋ ವಾದ ಎಲ್ಲಾ ನನ್ನೊಳಗಿದೆ. 2024ರಲ್ಲಿ ‘ಭೂ ಸುರಕ್ಷಾ’ ಅಂತ ತಾಲ್ಲೂಕಿನ ಹಳೇ ದಾಖಲೆ ಸ್ಕ್ಯಾನ್ ಮಾಡೋಕೆ ಶುರು ಮಾಡಿದ್ರು. ಪಟ್ಟೀಲಿರೋ ಕಡತಕ್ಕೆ ಕ್ಯಾಮೆರಾ ಸಿಕ್ತು. ನಾನು ಪಟ್ಟೀಲೇ ಇಲ್ಲ. ನನ್ನನ್ನ ಯಾರೂ ಮುಚ್ಚಿಟ್ಟಿಲ್ಲ ತಮ್ಮಾ, ಅಂಥ ಗುಟ್ಟು ನನ್ನಲ್ಲಿಲ್ಲ. ಬರೆದಿಟ್ಟಿಲ್ಲ ಅಷ್ಟೇ. ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ, ಸೂಚಿ ಹಾಕಿ ಇಡಿ ಅಂತ ಕಾಯ್ದೆಯ 4(1)(ಎ) ಹೇಳುತ್ತೆ. ಆ ಒಂದು ಸಾಲು ಪಾಲಿಸಿದ್ರೆ ಉಳಿದ ಕಲಮುಗಳಿಗೆ ಅರ್ಧ ಕೆಲಸ ಇರಲ್ಲ. ಆದ್ರೆ ಪಟ್ಟಿ ಆದ ಮೇಲೆ ‘ಲಭ್ಯವಿಲ್ಲ’ ಅಂತ ಬರೆಯೋಕೆ ಬರಲ್ಲವಲ್ಲ.

ನಾನು: ಆ ಹುಡುಗನಿಗೆ ಏನು ಹೇಳಲಿ?

ಕಡತ: ‘ಸಂಪೂರ್ಣ ಮಾಹಿತಿ ನೀಡಿ’ ಅಂತ ಬರೀಬೇಡ ಅನ್ನು. ನನ್ನನ್ನೇ ನೇರ ಕೇಳೋದೂ ಬೇಡ. ಮೊದಲು ಪಟ್ಟಿ ಕೇಳಲಿ.

ಹೊರಗೆ ಜೀಪು ನಿಂತ ಸದ್ದಾಯಿತು. ಜಾತ್ರೆ ಡ್ಯೂಟಿಯಿಂದ ಯಾರೋ ಮರಳಿದ್ದರು. ಕಡತ ತಟ್ಟನೆ ಅಲಭ್ಯವಾಯಿತು.

ಓದುಗರಲ್ಲಿ, ಅದರಲ್ಲೂ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನವರಲ್ಲಿ ಕೋರಿಕೆ ಇಷ್ಟು. ಅರ್ಜಿಯಲ್ಲಿ ಗ್ರಾಮದ ಹೆಸರು, ಸರ್ವೆ ನಂಬರು ಹಾಕಿ. ಆ ಗ್ರಾಮದ ಕಡತಗಳ ಸೂಚಿಯ ನಕಲು ಕೇಳಿ. ಕಾಗದ 1997ಕ್ಕಿಂತ ಹಳೆಯದಾಗಿದ್ದರೆ, ಜಿಲ್ಲೆ ಬದಲಾದಾಗ ದಾಖಲೆ ಕೊಟ್ಟವರು, ಪಡೆದವರು ಸಹಿ ಮಾಡಿದ ಹಸ್ತಾಂತರ ಪಟ್ಟಿಯನ್ನೂ ಕೇಳಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಕಚೇರಿಗೆ ಹೋಗಿ ಕಣ್ಣಾರೆ ನೋಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ದಿನ, ಹೊತ್ತು ಗೊತ್ತುಮಾಡಿ ತಿಳಿಸುವಂತೆ ಬರೆಯಿರಿ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಬೆಂಚು ಸರಿಸಲು ಬೇಕಾಗುತ್ತದೆ.