ಅಕ್ಷಾಂಶ ರೇಖಾಂಶ ಸಮೇತ ಒಂದು ಅರ್ಜಿ

ಬೆಂಗಳೂರಿನ ನಾಗರಭಾವಿಯಲ್ಲಿ ಕುಳಿತು ದೇಶದ ಕಾಲೇಜುಗಳಿಗೆ ದರ್ಜೆ ಹಂಚುವ ನ್ಯಾಕ್ ಪರಿಷತ್ತಿನ ದೊಡ್ಡವರಿಗೆ, ಪರ್ಕಳದಿಂದ (13.3 ಡಿಗ್ರಿ ಉತ್ತರ, 74.8 ಡಿಗ್ರಿ ಪೂರ್ವ) ನಮಸ್ಕಾರ.

ಸ್ಥಳವನ್ನು ಮೊದಲೇ ಬರೆದದ್ದು ಸುಮ್ಮನೆ ಅಲ್ಲ. ಕಾಲೇಜು ನಿಮಗೆ ಕಳಿಸುವ ಫೋಟೊದ ಕೆಳಗೆ ಪುಟ್ಟ ನಕ್ಷೆ, ಊರ ಹೆಸರು, ಅಕ್ಷಾಂಶ, ರೇಖಾಂಶ, ದಿನ, ಗಂಟೆ ಎಲ್ಲ ಮೂಡದಿದ್ದರೆ ನಿಮ್ಮ ಲೆಕ್ಕದಲ್ಲಿ ಗಿಡ ನೆಟ್ಟದ್ದು ನೆಟ್ಟಂತಲ್ಲ, ಮಳೆನೀರಿನ ಗುಂಡಿ ತೋಡಿದ್ದು ತೋಡಿದಂತಲ್ಲ. ಈ ಫೋಟೊಗಳನ್ನು ಹೊಡೆಯುವವರು ಯಾರು ಎಂಬುದೇ ನನ್ನ ತಕರಾರು. ಮಣಿಪಾಲದಂಥ ವಿಶ್ವವಿದ್ಯಾಲಯಕ್ಕೆ ಗುಣಮಟ್ಟಕ್ಕೆಂದೇ ಜನ ಇಟ್ಟುಕೊಳ್ಳುವ ತಾಕತ್ತಿದೆ. ಹಿರಿಯಡ್ಕ, ಕಾಪು, ತೆಂಕನಿಡಿಯೂರಿನ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ? ನಿಮ್ಮ ಪ್ರಶ್ನೆಗಳ ಸಂಖ್ಯೆ ಬೇರೆ ಇರಬಹುದು, ಮಾನದಂಡಗಳು ಎಲ್ಲರಿಗೂ ಅವೇ. ಐಕ್ಯೂಎಸಿ ಎಂಬ ಆಂತರಿಕ ಗುಣಮಟ್ಟ ಖಾತರಿ ಕೋಶ ಇರಲೇಬೇಕು, ವರ್ಷಕ್ಕೊಂದು ವರದಿ ಹೋಗಲೇಬೇಕು. ಆದರೆ ಅದಕ್ಕೊಂದು ಹುದ್ದೆ ಮಾತ್ರ ಇಲ್ಲ. ಕಾಮರ್ಸ್ ಮೇಷ್ಟ್ರ ತಲೆಗೆ 'ಹೆಚ್ಚುವರಿ ಜವಾಬ್ದಾರಿ' ಕಟ್ಟಿದರೆ ಸಂಯೋಜಕರು ಸಿದ್ಧ.

ಅದೂ ಎಂಥ ಕಾಲೇಜಿನಲ್ಲಿ? 2023ರಲ್ಲಿ ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಆ ವರ್ಷದ ಕೊನೆಗೆ ಅವರು ಖಾಯಮಾತಿ ಕೇಳಿ ಮುಷ್ಕರಕ್ಕೆ ಕೂತಾಗ ಎಷ್ಟೋ ಕಡೆ ಪಾಠವೇ ನಿಂತಿತ್ತು. ಅಂದರೆ ಖಾಯಂ ಅಧ್ಯಾಪಕರು ಮೊದಲೇ ವಿರಳ. ಆ ವಿರಳರಲ್ಲೂ ಚುರುಕಾದ ಒಬ್ಬರನ್ನು ಆರಿಸಿ, ತರಗತಿಯಿಂದ ಎಬ್ಬಿಸಿ, ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದು ಸಾಬೀತುಪಡಿಸಲು ಕಂಪ್ಯೂಟರಿನ ಮುಂದೆ ಕೂರಿಸುತ್ತೇವೆ. ಇದಕ್ಕೆ ಗುಣಮಟ್ಟ ಖಾತರಿ ಎನ್ನುತ್ತಾರೆ, ಮಾರಾಯ್ರೇ! ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದರಲ್ಲೇ ಬೆಳಗಾದರೆ ರಂಗಸ್ಥಳಕ್ಕೆ ಬರುವುದು ಯಾವಾಗ?

ದಾಖಲೆ ಕೇಳದಿದ್ದರೆ ಕಾಲೇಜಿನವರು ಸುಳ್ಳು ಹೇಳುತ್ತಾರಲ್ಲ, ಎನ್ನುತ್ತೀರಿ. ಒಪ್ಪಿದೆ. 2017ರಲ್ಲಿ ಪದ್ಧತಿ ಬದಲಿಸಿ, ಭೇಟಿ ಕೊಡುವ ತಂಡದ ಕೈಯಲ್ಲಿದ್ದ ಅಂಕಗಳ ಬಹುಪಾಲನ್ನು ಅಂಕಿಅಂಶಕ್ಕೆ ಒಪ್ಪಿಸಿದ್ದೂ ಅದಕ್ಕೇ. ಆದರೂ 2025ರ ಫೆಬ್ರವರಿಯಲ್ಲಿ, ಗುಂಟೂರಿನ ಸಂಸ್ಥೆಯೊಂದಕ್ಕೆ ಒಳ್ಳೆಯ ದರ್ಜೆ ಕೊಡಲು ಲಂಚ ಪಡೆದ ಆರೋಪದಲ್ಲಿ ಸಿಬಿಐ ಬಂಧಿಸಿದ್ದು ನಿಮ್ಮ ಪರಿಶೀಲನಾ ತಂಡದವರನ್ನೇ. ನಗದು, ಚಿನ್ನ, ಲ್ಯಾಪ್‌ಟಾಪ್ ಎಂದು ಪತ್ರಿಕೆಗಳಲ್ಲಿ ಬಂತು. ಅವುಗಳ ಫೋಟೊ ಅಕ್ಷಾಂಶ ರೇಖಾಂಶ ಸಮೇತ ಅಪ್‌ಲೋಡ್ ಆಗಿರಲಿಲ್ಲವೆಂದು ಕಾಣುತ್ತದೆ. ಕಳ್ಳರಿಗೆಂದು ಹಾಕಿದ ಬೇಲಿಗೆ ಸಿಕ್ಕಿಕೊಂಡವರು ನಮ್ಮ ಕಾಮರ್ಸ್ ಮೇಷ್ಟ್ರು.

ಕಾಲೇಜಿನ ಒಳಗುಟ್ಟು ಅಧ್ಯಾಪಕರಿಗಲ್ಲದೆ ಹೊರಗಿನ ಗುಮಾಸ್ತರಿಗೆ ಗೊತ್ತೇ ಎಂಬ ಮಾತೂ ಇದೆ. ಖಂಡಿತ ಗೊತ್ತಿಲ್ಲ. ಯಾವ ಪಾಠ ಮಕ್ಕಳ ತಲೆಗೆ ಹತ್ತುತ್ತಿಲ್ಲ, ಯಾವ ಪತ್ರಿಕೆಯಲ್ಲಿ ಸಾಲುಸಾಲು ಫೇಲು ಎಂದು ಅಧ್ಯಾಪಕರೇ ಹೇಳಬೇಕು. ಆದರೆ ಐದು ವರ್ಷದ ಹಾಜರಿಪಟ್ಟಿ ಸ್ಕ್ಯಾನ್ ಮಾಡುವುದಕ್ಕೆ, ಪ್ರತಿ ಪುಟಕ್ಕೆ ಪ್ರಾಂಶುಪಾಲರ ಸೀಲು ಒತ್ತಿಸುವುದಕ್ಕೆ ಯಾವ ಒಳಗುಟ್ಟು ಬೇಕು? ಈ ಎರಡು ಕೆಲಸಗಳನ್ನು ಒಬ್ಬರ ಮೇಲೇ ಹೇರಿದ್ದರಿಂದ ಎರಡನೆಯದು ಮೊದಲನೆಯದನ್ನು ನುಂಗಿ ನೀರು ಕುಡಿದಿದೆ.

ಆದ್ದರಿಂದ ಬೇಡಿಕೆ ಒಂದೇ. ಐಕ್ಯೂಎಸಿ ಕಡ್ಡಾಯ ಎಂದ ಬಾಯಲ್ಲೇ ಅದಕ್ಕೊಂದು ಸಂಬಳದ ಹುದ್ದೆಯೂ ಕಡ್ಡಾಯ ಎನ್ನಿ. ಆಗದಿದ್ದರೆ ಸಂಬಳದ ರಿಜಿಸ್ಟರು, ಫಲಿತಾಂಶ, ಲೈಬ್ರರಿಯ ಪುಸ್ತಕ ಹೋದ-ಬಂದ ಲೆಕ್ಕ ಇಷ್ಟು ನೋಡಿ ದರ್ಜೆ ಕೊಡಿ. ಇವು ನಿಮಗಾಗಿ ಹುಟ್ಟಿದ ಕಾಗದಗಳಲ್ಲ, ಹಾಗಾಗಿ ಸ್ವಲ್ಪ ನಿಜ ಹೇಳುತ್ತವೆ. ಅದೂ ಆಗದಿದ್ದರೆ ಮೇಷ್ಟ್ರನ್ನು ಸೋಮವಾರದಿಂದ ಬಿಟ್ಟುಕೊಡಿ, ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು.

ಇತಿ,
ಪರ್ಕಳದ ಒಬ್ಬ ತೆರಿಗೆದಾರ