ವ್ಯಾನಪ್ರಸ್ಥ ಮೀಮಾಂಸೆ

ತಲೆ ನರೆತು, ಮೊಮ್ಮಕ್ಕಳ ಮುಖ ಕಂಡ ಮೇಲೆ ಗೃಹಸ್ಥನು ಕಾಡಿಗೆ ಹೊರಡಬೇಕೆಂದು ಧರ್ಮಶಾಸ್ತ್ರ ಹೇಳುತ್ತದೆ. ಅಷ್ಟು ಕಾಯಲು ವ್ಯವಧಾನವಿಲ್ಲದೆ, ಗೃಹಸ್ಥಾಶ್ರಮವನ್ನು ಗೃಹದ ಸಮೇತ ಕಾಡಿಗೆ ಸಾಗಿಸಿದ ಕೀರ್ತಿ ಅಮೆರಿಕದ ನಡುವಯಸ್ಸಿನ ದಂಪತಿಗಳಿಗೆ ಸಲ್ಲಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ನಾಯಿ. ಕರೆಂಟಿನ ತಂತಿಯಿಲ್ಲ, ನಲ್ಲಿಯಿಲ್ಲ, ಒಳಚರಂಡಿಯಿಲ್ಲ. ಇರುವುದೊಂದು ಕ್ಯಾಂಪರ್ ವ್ಯಾನು. ಈ ಐದನೆಯ ಆಶ್ರಮದ ಲಕ್ಷಣ, ಪ್ರಮಾಣ, ದೋಷಗಳ ವಿಚಾರವೇ ಪ್ರಸ್ತುತ ಪ್ರಬಂಧದ ವಿಷಯ.

ಮೊದಲು ವಂಶಾವಳಿ. ಬೆನ್ ಪಾನ್ ಎಂಬ ಡಚ್ ವ್ಯಾಪಾರಿ 1947ರಲ್ಲಿ ಗೀಚಿದ ಡಬ್ಬಿಯಂಥ ಒಂದು ಚಿತ್ರ 1950ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಾಗಿ ಕಾರ್ಖಾನೆಯಿಂದ ಹೊರಬಿತ್ತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿಯವರು ಅದರೊಳಗೆ ಹಾಸಿಗೆ, ಕಪಾಟು ಕೂರಿಸಿದರು. ಎಂಜಿನ್ನಿನ ಬಲ 25 ಕುದುರೆ. ಬೆಟ್ಟ ಹತ್ತುವಾಗ ಇವುಗಳಲ್ಲಿ ಕೆಲವು ಮಲಗಿಬಿಡುತ್ತಿದ್ದವೆಂದು ಊಹಿಸಲು ಅಡ್ಡಿಯಿಲ್ಲ.

ಸಂಪ್ರದಾಯದ ಆದ್ಯ ಆಚಾರ್ಯ ಹೆನ್ರಿ ಡೇವಿಡ್ ಥೋರೋ. 1845ರ ಜುಲೈ 4ರಂದು ವಾಲ್ಡನ್ ಕೊಳದ ದಂಡೆಯ ಗುಡಿಸಲು ಸೇರಿದ ಈತ ಅಲ್ಲಿದ್ದದ್ದು ಎರಡು ವರ್ಷ, ಎರಡು ತಿಂಗಳು, ಎರಡು ದಿನ. ಗುಡಿಸಲಿಗೆ ತಗುಲಿದ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್ ಎಂದು ಅರ್ಧ ಸೆಂಟನ್ನೂ ಬಿಡದೆ ಬರೆದಿಟ್ಟಿದ್ದಾನೆ. ಜಾಗ ಗೆಳೆಯ ಎಮರ್ಸನ್ನನದು, ಆದ್ದರಿಂದ ಅದರ ಬೆಲೆ ಲೆಕ್ಕಕ್ಕಿಲ್ಲ. ಊರು ಒಂದೂವರೆ ಮೈಲಿ. ರೈಲು ಕೊಳದ ಪಕ್ಕದಲ್ಲೇ. ಆದರೂ ಆಚಾರ್ಯರ ಮತವನ್ನು ಸಂಸಾರಿಗಳು ಎಚ್ಚರದಿಂದ ಸ್ವೀಕರಿಸಬೇಕು. ಬ್ರಹ್ಮಚಾರಿಯಾದ ಆತನಿಗೊಬ್ಬನಿಗೇ 150 ಚದರ ಅಡಿ ಇತ್ತು. ಇಂದಿನ ಉದ್ದ ವ್ಯಾನಿನಲ್ಲೂ ಚಾಲಕನ ಸೀಟಿನ ಹಿಂದೆ ಸಿಗುವುದು 80 ಚದರ ಅಡಿಯ ಆಸುಪಾಸು, ಅದೂ ನಾಲ್ವರಿಗೆ. ಅಲ್ಲಿ ಊಟದ ಮೇಜನ್ನು ತಗ್ಗಿಸಿ, ದಿಂಬುಗಳನ್ನು ಅದರ ಮೇಲೆ ಜೋಡಿಸಿದರೆ ಹಾಸಿಗೆ. ಹಾಸಿದ ಮೇಲೆ ಕಿರಿಯವನಿಗೆ ಕಾಲುಚೀಲ ಬೇಕೆನಿಸಿದರೆ, ಅದು ಆ ದಿಂಬುಗಳ ಕೆಳಗಿನ ಪೆಟ್ಟಿಗೆಯಲ್ಲೇ ಇರುತ್ತದೆ. ಇದಕ್ಕೆ ಅಪವಾದ ಇನ್ನೂ ದೊರೆತಿಲ್ಲ.

ಈಗ ಸಿದ್ಧಾಂತ: ಕಾಡಿನಲ್ಲಿ ವಾಸಿಸಲು ಇರುವ ಮುಖ್ಯ ಅಡ್ಡಿ ಕಾಡು.

ಇದಕ್ಕೆ ಉಪಪತ್ತಿ. ಆರೆಗಾನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಗಳ ಪಶ್ಚಿಮದ ಮಗ್ಗುಲಲ್ಲಿ ಹಳೆಯ ಡಗ್ಲಸ್ ಫರ್ ಮರಗಳು 60 ಮೀಟರ್ ದಾಟಿ ಬೆಳೆಯುತ್ತವೆ. ನೆರಳೆಂದರೆ ನೆರಳು. ವ್ಯಾನಿನ ನೆತ್ತಿಯ ಮೇಲಿರುವುದು ಸೋಲಾರ್ ಫಲಕ. ಸಾಮಾನ್ಯ 12 ವೋಲ್ಟ್ ಫಲಕದಲ್ಲಿ 36 ಕೋಶಗಳು ಒಂದರ ಬಾಲ ಇನ್ನೊಂದು ಹಿಡಿದಂತೆ ಸರಣಿಯಲ್ಲಿರುತ್ತವೆ. ಒಂದರ ಮೇಲೆ ಎಲೆ ಬಿದ್ದರೂ ಸಾಲಿನ ಕರೆಂಟೆಲ್ಲ ಕುಗ್ಗುತ್ತದೆ. ಒಳಗಿನ ಬ್ಯಾಟರಿ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಎಂದಿಟ್ಟುಕೊಳ್ಳಿ. ಅದು ಭರ್ತಿಯಾದರೂ ಹಿಡಿಯುವುದು ನಮ್ಮ ಮೀಟರ್ ಲೆಕ್ಕದಲ್ಲಿ ಒಂದೂಕಾಲು ಯೂನಿಟ್. ಫ್ರಿಜ್ಜು ದಿನಕ್ಕೆ ಅರ್ಧ ಯೂನಿಟ್ ನುಂಗುತ್ತದೆ. ಮಕ್ಕಳ ಪಾಠಕ್ಕೆಂದು ತಂದ ಉಪಗ್ರಹ ಇಂಟರ್‌ನೆಟ್ ತಟ್ಟೆ 50 ವ್ಯಾಟಿನಂತೆ ಹಗಲೂ ರಾತ್ರಿ ಉರಿದರೆ 1.2 ಯೂನಿಟ್. ಆ ತಟ್ಟೆಗೂ ತೆರೆದ ಆಕಾಶವೇ ಬೇಕು. 1500 ವ್ಯಾಟಿನ ಹೇರ್ ಡ್ರೈಯರ್ ತಂದವರ ದಾಂಪತ್ಯದ ಬಗ್ಗೆ ಈ ಪ್ರಬಂಧ ಏನನ್ನೂ ಹೇಳುವುದಿಲ್ಲ.

ಬಾಗಿಲ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಪರದೆಯೊಂದರಲ್ಲಿ ಬ್ಯಾಟರಿಯ ಶೇಕಡಾವಾರು ಮಿನುಗುತ್ತದೆ. ಎದ್ದ ಕೂಡಲೇ ಗಂಡ ನೋಡುವುದು ಕಿಟಕಿಯಾಚೆಯ ಕಾಡನ್ನಲ್ಲ, ಇದನ್ನು. 41 ಎಂದಿದ್ದರೆ ಮಾತು ಕಡಿಮೆ. ಇನ್ನು ಚಳಿಗಾಲದಲ್ಲಿ ಈ ಬಗೆಯ ಬ್ಯಾಟರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗಬಾರದಾದ್ದರಿಂದ ಅದನ್ನು ಮೊದಲು ಬೆಚ್ಚಗಿಡಬೇಕು. ಮಕ್ಕಳಿಗೆ ಆಮೇಲೆ.

ಪೂರ್ವಪಕ್ಷಿ ಕೇಳಬಹುದು: ಹಾಗಾದರೆ ಬಿಸಿಲಿರುವಲ್ಲಿ ನಿಲ್ಲಿಸಬಾರದೇ? ನಿಲ್ಲಿಸುತ್ತಾರೆ. ಅಮೆರಿಕದ ಅರಣ್ಯ ಇಲಾಖೆಯ ಮೂರೂವರೆ ಲಕ್ಷ ಮೈಲಿಗೂ ಮಿಕ್ಕಿದ ರಸ್ತೆಗಳಲ್ಲಿ ಬಹಳಷ್ಟು ಹುಟ್ಟಿದ್ದೇ ದಿಮ್ಮಿ ಸಾಗಿಸಲು. ಆ ರಸ್ತೆಗಳ ತುದಿಯಲ್ಲಿ ಲಾರಿಗೆ ದಿಮ್ಮಿ ಏರಿಸುತ್ತಿದ್ದ ಮಟ್ಟಸದ ಬಯಲುಗಳಿವೆ. ಬಿಸಿಲು ಧಾರಾಳ, ಉಪಗ್ರಹ ನೆತ್ತಿಯ ಮೇಲೆ, ಸುತ್ತ ಮೋಟುಗಳು. ಕಾಡನ್ನರಸಿ ಬಂದ ಸಂಸಾರ ಕಾಡಿಲ್ಲದ ಆ ಚೂರು ಜಾಗ ಸಿಕ್ಕಿತೆಂದು ಬೀಗುತ್ತದೆ.

ನೀರಿನ ವಿಷಯ ಬೇಗ ಮುಗಿಸಬಹುದು, ಏಕೆಂದರೆ ನೀರೇ ಬೇಗ ಮುಗಿಯುತ್ತದೆ. ಭಾರತದ ನಗರಗಳ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ವ್ಯಾನಿನ ತೊಟ್ಟಿ ನಾಲ್ವರಿಗೆ ಸೇರಿ 80. ಸ್ನಾನವೆಂಬುದು ಇಲ್ಲಿ ನೈಮಿತ್ತಿಕ ಕರ್ಮ. ಅಯಾಚಿತವಾಗಿ ಒದಗುವ ತೀರ್ಥವೂ ಒಂದುಂಟು: ನಾಲ್ವರ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಸುಮಾರು ಒಂದು ಲೀಟರ್ ನೀರು ಹಬೆಯಾಗಿ, ತಣ್ಣನೆಯ ತಗಡಿಗೆ ತಾಗಿ, ಬೆಳಗಿನ ಜಾವ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ.

ವನವಾಸದ ಅವಧಿಯ ವಿಚಾರದಲ್ಲಿ ಗ್ರಂಥಗಳಿಗೆ ಭೇದವಿದೆ. ದಶರಥನ ಕಾಲಕ್ಕೆ ರಾಮನಿಗೆ 14 ವರ್ಷ. ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನ. ಆಮೇಲೆ ಗಂಟುಮೂಟೆ ಕಟ್ಟಬೇಕು. ಸೀತಾಲಕ್ಷ್ಮಣರೊಡನೆ ರಾಮ ಎರಡು ವಾರಕ್ಕೊಮ್ಮೆ ಪಂಚವಟಿ ಬಿಚ್ಚಿ ಕಟ್ಟುತ್ತಿದ್ದರೆ ರಾವಣನಿಗೆ ವಿಳಾಸವೇ ಸಿಗುತ್ತಿರಲಿಲ್ಲ. ಇತ್ತ ವ್ಯಾನು ಅಷ್ಟು ದಿನವೂ ನಿಂತಲ್ಲೇ ನಿಲ್ಲುವುದಿಲ್ಲ. ನೀರು, ಗ್ಯಾಸು, ಒಗೆಯುವ ಬಟ್ಟೆಗೆಂದು ಪೇಟೆಗೆ ಇಳಿಯಲೇಬೇಕು. ಇಳಿಯುವಾಗ ಎಂಜಿನ್ನಿನ ಆಲ್ಟರ್ನೇಟರ್ ಸೂರ್ಯನಿಗಿಂತ ಚುರುಕಾಗಿ ಬ್ಯಾಟರಿ ತುಂಬುತ್ತದೆ. ಸ್ವಾವಲಂಬನೆಯ ಈ ಭಾಗ ಡೀಸೆಲ್ ಬಂಕಿನಲ್ಲಿ ಸಿಗುತ್ತದೆ.

ಕೊನೆಯದು ಅಧಿಕಾರಿ ನಿರ್ಣಯ. ಬಯಲಿಗೆ ಹೋಗುವವರು ನೀರಿನಿಂದ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಬೇಕೆಂಬ ವಿಧಿ ಸ್ಪಷ್ಟವಾಗಿದೆ. ವ್ಯಾನಿನೊಳಗಿನ ಶೌಚದ ಕ್ಯಾಸೆಟ್ ಪೆಟ್ಟಿಗೆಗಾದರೆ ಗೊಂದಲ. ಅದು ಹಿಡಿಯುವುದು 20 ಲೀಟರಿನೊಳಗೆ, ಸಂಸಾರಕ್ಕೆ ಎರಡು ಮೂರು ದಿನ. ತುಂಬಿದ್ದನ್ನು ಹೊತ್ತೊಯ್ದು ಸುರಿಯಲು ಅಧಿಕಾರಿ ಯಾರು? ಹೆಂಡತಿಯ ಮತದಲ್ಲಿ, ವ್ಯಾನು ಕೊಳ್ಳೋಣ ಎಂದವರು. ಗಂಡನ ಮತದಲ್ಲಿ, ಕೊಂಡಿದ್ದಾಯಿತು ಹೋಗೋಣ ಎಂದವರು. ಮಕ್ಕಳು ಆ ಹೊತ್ತಿಗೆ ಸರಿಯಾಗಿ ಪಾಠದಲ್ಲಿ ತಲ್ಲೀನರಾಗಿರುತ್ತಾರೆ. ಪೆಟ್ಟಿಗೆಗೆ ಯಾವ ಕಾಣಿಕೆಯನ್ನೂ ಸಲ್ಲಿಸದ ನಾಯಿಗೆ ಈ ಚರ್ಚೆಯಲ್ಲಿ ಮತವಿಲ್ಲ.