109ನೆಯ ಕಂಬ

ಮಣಿಪಾಲದ ಒಂದು ಕಚೇರಿಯಲ್ಲಿ ಕಲ್ಲುಗಾರೆಗಳ ಸಹವಾಸವೇ ಇಲ್ಲದೆ ‘ಆರ್ಕಿಟೆಕ್ಟ್’ ಎಂಬ ಬಿರುದನ್ನು ಧರಿಸಿರುವ ನಾನು, ಎಐ ಸಹಾಯಕನು ಒಂದೇ ರಾತ್ರಿಯಲ್ಲಿ ಹೆಣೆದುಕೊಟ್ಟ ತಂತ್ರಾಂಶವು ಮರುದಿನವೇ ಏಕೆ ಕುಸಿಯಿತೆಂಬುದನ್ನು ಯಾರಿಗೂ ವಿವರಿಸಲಾರದೆ, ಭಾನುವಾರ ಕಾರ್ಕಳದ ಬಸ್ಸು ಹತ್ತಿ, 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯ ಜಗಲಿಯಲ್ಲಿ ಹೋಗಿ ಕುಳಿತೆನು. ಬಸದಿಯೇ ಮೊದಲು ಮಾತನಾಡಿಸಿದುದು ನನ್ನ ಪೂರ್ವಪುಣ್ಯವೆನ್ನಬೇಕು.

“ಏನು ಕುಸಿಯಿತು, ಮಾರಾಯ?”

“ನಮ್ಮ ತಂತ್ರಾಂಶ. ಮಾನೊಲಿತ್ ಎಂಬುದು ಹಳೆಯ ಪದ್ಧತಿ, ಹನ್ನೊಂದು ಮೈಕ್ರೋಸರ್ವಿಸ್‌ಗಳಾಗಿ ಒಡೆಯಿರಿ ಎಂದು ಸಹಾಯಕನು ಉಪದೇಶಿಸಿದನು.”

“ಮಾನೊಲಿತ್ ಎಂದರೆ ಏಕಶಿಲೆಯಲ್ಲವೇ? ಎದುರಿನ ಗುಡ್ಡದಲ್ಲಿ ಸುಮಾರು 42 ಅಡಿಯ ಗೊಮ್ಮಟನು 1432ರಿಂದ ಹಾಗೆಯೇ ನಿಂತಿದ್ದಾನೆ; ಮೆಲ್ಲಗೆ ಮಾತನಾಡು. ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ದೇಹ ನನ್ನದಾದುದರಿಂದ ತುಂಡುಗಳ ನಿಂದೆ ನನ್ನ ಬಾಯಿಂದ ಬಾರದು. ಆದರೆ ಎಲ್ಲಿ ಒಡೆಯಬೇಕೆಂದು ನಿರ್ಣಯಿಸಿದವರಾರು?”

“ಸಹಾಯಕನು. ನಾನು ‘ಒಪ್ಪಿಗೆ’ ಒತ್ತಿದೆನು.”

“ಓದಿಯೋ?”

“ನಾಲ್ಕು ಸಾವಿರ ಸಾಲುಗಳಿದ್ದುವು; ಊಟದ ಹೊತ್ತೂ ಆಗಿತ್ತು. ಅದರಲ್ಲಿ ಹೇಳಿದ್ದ ಒಂದು ಲೈಬ್ರರಿ ಲೋಕದಲ್ಲೆಲ್ಲೂ ಇರಲಿಲ್ಲ.”

“ನನಗಿರುವುವು 108 ಕಂಬಗಳು. 109ನೆಯದೊಂದಿದೆ, ಅದಕ್ಕೆ ತೊಲೆ ಹೊರಿಸು ಎಂದು ಯಾರು ಎಷ್ಟೇ ವಿನಯದಿಂದ ನುಡಿದಿದ್ದರೂ, ನಮ್ಮ ಸ್ಥಪತಿಯು ಎದ್ದುಹೋಗಿ ಎಣಿಸಿ ಬರುತ್ತಿದ್ದನು.”

“ಅಂತಹ ಹುಸಿ ಹೆಸರುಗಳಲ್ಲಿ ತಾವೇ ಲೈಬ್ರರಿಯೊಂದನ್ನು ನಿಲ್ಲಿಸಿ ಹೊಂಚುಹಾಕುವ ದುರುಳರೂ ಉಂಟು.”

“ಹಾಗಾದರೆ ಕಂಬವಿಲ್ಲದಿದ್ದುದೇ ನಿನ್ನ ಭಾಗ್ಯ!”

“ಸಹಾಯಕನನ್ನು ವರ್ಜಿಸಲೇ?”

“ಕಲ್ಲು ಕೆತ್ತಲು ಇನ್ನೆರಡು ಕೈಗಳು ಸಿಕ್ಕರೆ ಬೇಡವೆನ್ನುವ ಸ್ಥಪತಿಯುಂಟೇ? ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಪ್ರತಿ ಮುಖಕ್ಕೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಎಂಬ ಸಂಕಲ್ಪವು ಮೊದಲೇ ಸ್ಥಿರವಾಗಿದ್ದುದರಿಂದ, ಯಾರ ಉಳಿ ತಪ್ಪಿದರೂ ಮಿಕ್ಕ ಮೂರು ಮುಖಗಳು ಅದನ್ನು ಆಡಿತೋರಿಸುತ್ತಿದ್ದುವು. ಕಟ್ಟಿಸಿದವರಾರು, ಶಕವರ್ಷ 1508, ಮುಂದೆ ಪೂಜೆ ನಡೆಯಲು ಬಿಟ್ಟ ದತ್ತಿ ಯಾವುದು, ಇಷ್ಟೂ ನನ್ನ ಶಾಸನದಲ್ಲಿದೆ. ನಿನ್ನ ಕಮಿಟ್ ಟಿಪ್ಪಣಿಯಲ್ಲಿ ಏನೆಂದು ಬರೆದೆ?”

“‘ಸಣ್ಣ ತಿದ್ದುಪಡಿ’ ಎಂದು.”

ಗ್ರಾನೈಟು ನಕ್ಕುದನ್ನು ಅಂದು ಮೊದಲು ಕೇಳಿದೆನು.

ಹಿಂದಿರುಗುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆದು, ನಿರ್ಣಯದ ದಾಖಲೆಯೊಂದನ್ನು ಆರಂಭಿಸಿ, ದಿನಾಂಕವನ್ನೂ ಹೆಸರನ್ನೂ ತುಂಬಿ, ‘ಕಾರಣ’ ಎಂಬಲ್ಲಿಗೆ ಬರುತ್ತಲೇ, ಸಹಾಯಕನು ಮಸುಕು ಅಕ್ಷರಗಳಲ್ಲಿ ಮೂರು ಸುಂದರ ವಾಕ್ಯಗಳನ್ನು ಮೂಡಿಸಿದನು. ಅವನ್ನು ಒಪ್ಪಿಕೊಳ್ಳುವ ಟ್ಯಾಬ್ ಕೀಲಿಯ ಮೇಲೆ ಬೆರಳಿಟ್ಟುಕೊಂಡು ಹಿರಿಯಡ್ಕದವರೆಗೂ ಕುಳಿತಿದ್ದೆನು.